ಉಕ್ಕಿನ ಸೈಕಲ್ಲಿನ ಗಟ್ಟಿ ಲೆಕ್ಕ

ಹಾನಗಲ್ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ಮನೆಯಲ್ಲಿ ತಂದೆಯವರ ಕಾಲದ ಕರಿ ಸೈಕಲ್ ಇದೆ. ಅದನ್ನು ಗುಜರಿಗೆ ಹಾಕಿ ಅಲ್ಯೂಮಿನಿಯಂ ಫ್ರೇಮಿನ ಗೇರ್ ಸೈಕಲ್ ತರೋಣ ಅಂತ ಮಗ ಹಟ ಹಿಡಿದಿದ್ದಾನೆ. ವಿಜ್ಞಾನ ಏನು ಹೇಳುತ್ತದೆ?"

ಗೇರ್ ಸೈಕಲ್ ಬೇಕಿದ್ದರೆ ಕೊಡಿಸಿ, ತಪ್ಪೇನಿಲ್ಲ. ಹಳೆಯದನ್ನು ಮಾತ್ರ ಗುಜರಿಗೆ ಹಾಕಬೇಡಿ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಹಾದಿಯಲ್ಲಿ ಹಾಲಿನ ಕ್ಯಾನು, ಮೇವಿನ ಹೊರೆ, ಗೊಬ್ಬರದ ಚೀಲ ಹೊತ್ತು ಇಷ್ಟು ವರ್ಷ ಓಡಿದ ಆ ಯಂತ್ರದಲ್ಲಿ ಸುಮ್ಮನೆ ಬಂದು ಸೇರಿದ ಭಾಗ ಒಂದೂ ಇಲ್ಲ.

ಅದರ ಮೂಲ ರೂಪ 1885ರದು. ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ತಯಾರಿಸಿದ 'ರೋವರ್' ಸೈಕಲ್ಲಿಗೆ ಹೆಚ್ಚುಕಡಿಮೆ ಒಂದೇ ಅಳತೆಯ ಎರಡು ಗಾಲಿ, ಹಿಂದಿನ ಗಾಲಿಗೆ ಚೈನು ಇದ್ದವು. ಮೂರೇ ವರ್ಷದಲ್ಲಿ ಡನ್‌ಲಪ್‌ನ ಗಾಳಿ ಟಯರ್ ಬಂತು. ಅಲ್ಲಿಂದ ಬೆಳೆದ 'ರೋಡ್‌ಸ್ಟರ್' ಮಾದರಿಯನ್ನೇ ಸ್ವಾತಂತ್ರ್ಯಾನಂತರ ನಮ್ಮ ಕಾರ್ಖಾನೆಗಳು ಕೈಗೆತ್ತಿಕೊಂಡವು. 1949ರಲ್ಲಿ ಮದರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್‌ನ ಅಟ್ಲಾಸ್, 1956ರಲ್ಲಿ ಲುಧಿಯಾನಾದ ಹೀರೋ ಶುರುವಾದವು. 28 ಇಂಚಿನ ದೊಡ್ಡ ಗಾಲಿ ತಗ್ಗಿನಲ್ಲಿ ಪೂರ್ತಿ ಇಳಿಯದೆ ದಾಟುತ್ತದೆ. ಎರಡು ಗಾಲಿಗಳ ನಡುವೆ ಹೆಚ್ಚು ಅಂತರ ಇರುವುದರಿಂದ, ಹ್ಯಾಂಡಲ್ಲಿನ ಕೊಳವೆ ಹಿಂದಕ್ಕೆ ವಾಲಿರುವುದರಿಂದ, ಕ್ಯಾರಿಯರ್ ಮೇಲೆ ಹೊರೆ ಇದ್ದರೂ ಸೈಕಲ್ ನೆಟ್ಟಗೆ ಸಾಗುತ್ತದೆ.

ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸುವುದು ಗಾಲಿ. ಚಕ್ಕಡಿಯ ಗಾಲಿಯಲ್ಲಿ ಗುಂಬದ ಕೆಳಗಿರುವ ಮರದ ಅರ ಕಂಬದಂತೆ ನಿಂತು ಭಾರ ಹೊರುತ್ತದೆ. ಅದಕ್ಕೇ ಅದು ಅಷ್ಟು ದಪ್ಪ. ಸೈಕಲ್ಲಿನ ಕಡ್ಡಿಯ ದಪ್ಪ ಸುಮಾರು 2 ಮಿಲಿಮೀಟರ್. ಒಂದನ್ನು ನೆಲಕ್ಕೂರಿ ಒತ್ತಿದರೆ ಕೂಡಲೇ ಬಾಗುತ್ತದೆ. ಆದರೆ ಎಳೆದರೆ ಸುಲಭಕ್ಕೆ ಹರಿಯುವುದಿಲ್ಲ. ಗಾಲಿ ಕಟ್ಟುವಾಗಲೇ ಎಲ್ಲ ಕಡ್ಡಿಗಳನ್ನೂ ಬಿಗಿಯಾಗಿ ಎಳೆದಿಟ್ಟಿರುತ್ತಾರೆ. ಸವಾರ ಹತ್ತಿದಾಗ ನೆಲದ ಕಡೆಯ ನಾಲ್ಕಾರು ಕಡ್ಡಿಗಳ ಬಿಗಿ ಕೊಂಚ ಇಳಿಯುತ್ತದೆ, ಮೇಲಿನವು ಹೆಚ್ಚುಕಡಿಮೆ ಮೊದಲಿನಷ್ಟೇ ಬಿಗಿಯಾಗಿ ಎಳೆಯುತ್ತಿರುತ್ತವೆ. ಕೆಳಕ್ಕೆ ಎಳೆಯುವ ಬಲ ತಗ್ಗಿತಲ್ಲ, ಆ ವ್ಯತ್ಯಾಸವೇ ಗಾಲಿಯ ನಡುವಿನ ಹಬ್ಬನ್ನು ಎತ್ತಿ ಹಿಡಿಯುತ್ತದೆ. ಚಕ್ಕಡಿಯ ಅರ ಒತ್ತಡ ತಾಳಿ ಮಾಡುವ ಕೆಲಸವನ್ನು ಕಡ್ಡಿ ತನ್ನ ಬಿಗಿಯಲ್ಲಿ ಒಂದಿಷ್ಟು ಬಿಟ್ಟುಕೊಟ್ಟು ಮಾಡುತ್ತದೆ. ಇದಕ್ಕಿಂತ ಜಾಣ ರಚನೆಯನ್ನು ನಾನು ಕಂಡಿಲ್ಲ.

ಇದು ಮೊದಲು ಹೊಳೆದದ್ದು ವಿಮಾನದ ಕನಸು ಕಾಣುತ್ತಿದ್ದ ಜಾರ್ಜ್ ಕೇಲಿಗೆ, 1808ರಲ್ಲಿ. ಹಾರುವ ಯಂತ್ರಕ್ಕೆ ಹಗುರ ಗಾಲಿ ಬೇಕೆಂದು ಅವನು ಯೋಚಿಸಿದ್ದ. 1869ರಲ್ಲಿ ಪ್ಯಾರಿಸ್ಸಿನ ಯುಜೀನ್ ಮೇಯರ್ ತಂತಿ ಕಡ್ಡಿಯ ಸೈಕಲ್ ಗಾಲಿಗೆ ಪೇಟೆಂಟ್ ಪಡೆದ. ಕಡ್ಡಿಗಳನ್ನು ಹಬ್ಬಿನ ಅಂಚಿನಿಂದ ಓರೆಯಾಗಿ, ಒಂದನ್ನೊಂದು ಹಾಯುವಂತೆ ಹೆಣೆಯುವ ಉಪಾಯ 1874ರಲ್ಲಿ ಬಂತು. ಅದು ಜೇಮ್ಸ್ ಸ್ಟಾರ್ಲಿಯದು, ರೋವರ್ ಮಾಡಿದ ಜಾನ್‌ನ ಚಿಕ್ಕಪ್ಪನದು. ಪೆಡಲ್ ತುಳಿದ ಬಲ ಹಬ್ಬಿನಿಂದ ರಿಮ್ಮಿಗೆ ದಾಟುವುದಕ್ಕೆ ಈ ಓರೆಯೇ ಆಧಾರ. ನಮ್ಮ ಕರಿ ಸೈಕಲ್ಲಿನ ಕಡ್ಡಿ ಎಣಿಸಿ ನೋಡಿ: ಮುಂದೆ 32, ಹಿಂದೆ 40. ಸವಾರನ ಭಾರ, ಕ್ಯಾರಿಯರಿನ ಹೊರೆ ಹೆಚ್ಚಾಗಿ ಹಿಂದಿನ ಗಾಲಿಯ ಮೇಲೇ ಬೀಳುತ್ತವೆಂದು ಅಲ್ಲಿ ಎಂಟು ಹೆಚ್ಚು.

ಸೈಕಲ್ ಶಾಪಿನಲ್ಲಿ ಬೆಂಡ್ ತೆಗೆಯುವುದನ್ನು ಒಮ್ಮೆ ನಿಂತು ನೋಡಬೇಕು. ಸೈಕಲ್ ತಲೆಕೆಳಗು ಮಾಡಿ, ಗಾಲಿ ಮೆಲ್ಲಗೆ ತಿರುಗಿಸಿ, ಫೋರ್ಕಿಗೆ ಆನಿಸಿ ಹಿಡಿದ ಸೀಮೆಸುಣ್ಣ ರಿಮ್ಮಿಗೆ ಎಲ್ಲಿ ತಾಗುತ್ತದೆಂದು ಗುರುತಿಸುತ್ತಾರೆ. ರಿಮ್ ಎಡಕ್ಕೆ ಬಾಗಿದ್ದರೆ ಅಲ್ಲಿ ಬಲಗಡೆಯ ಕಡ್ಡಿಯ ನಿಪ್ಪಲ್ ಕಾಲು ಸುತ್ತು ಬಿಗಿ, ಎಡಗಡೆಯದು ಕಾಲು ಸುತ್ತು ಸಡಿಲ. ಆಮೇಲೆ ಕಡ್ಡಿಯನ್ನು ಬೆರಳಲ್ಲಿ ಮೀಟಿ ಕಿವಿಗೊಡುತ್ತಾರೆ. ಬಿಗಿ ಹೆಚ್ಚಿದಷ್ಟೂ ಸ್ವರ ಏರುತ್ತದೆ. ಸ್ವರದ ಕಂಪನ ಬಿಗಿಯ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆನ್ನುವುದು ಭೌತಶಾಸ್ತ್ರದ ಸೂತ್ರ. ಮೇಸ್ತ್ರಿಯ ಕಿವಿ ಆ ಲೆಕ್ಕವನ್ನು ಉಪಕರಣವಿಲ್ಲದೆ ಮಾಡುತ್ತದೆ.

ಇನ್ನು ಫ್ರೇಮು. ರೈಲಿನ ಅಚ್ಚುಗಳು ಅಷ್ಟೇನೂ ಭಾರವಿಲ್ಲದಿದ್ದರೂ ಒಂದು ದಿನ ಯಾಕೆ ಮುರಿಯುತ್ತವೆ ಎಂದು ಹುಡುಕುತ್ತ ಜರ್ಮನಿಯ ಔಗುಸ್ಟ್ ವೋಲರ್ 19ನೆಯ ಶತಮಾನದ ನಡುವಿನಲ್ಲಿ ವರ್ಷಗಟ್ಟಲೆ ಪ್ರಯೋಗ ಮಾಡಿದ. ಸಣ್ಣ ಪೆಟ್ಟೇ ಲಕ್ಷಾಂತರ ಸಲ ಬಿದ್ದರೆ ಲೋಹ ದಣಿಯುತ್ತದೆ. ಆದರೆ ಉಕ್ಕಿಗೊಂದು ಮಿತಿ ಇದೆ: ಪ್ರತಿ ಪೆಟ್ಟು ಆ ಮಿತಿಯ ಒಳಗಿದ್ದರೆ ಎಷ್ಟು ಸಲ ಬಿದ್ದರೂ ಅದು ದಣಿಯುವುದಿಲ್ಲ. ಅಲ್ಯೂಮಿನಿಯಮ್ಮಿಗೆ ಇಂಥ ಸ್ಪಷ್ಟ ಮಿತಿ ಇಲ್ಲ. ಹಾಗೆಂದು ಅಲ್ಯೂಮಿನಿಯಂ ಫ್ರೇಮ್ ಬೇಗ ಮುರಿಯುತ್ತದೆ ಎಂದೇನಲ್ಲ. ದಪ್ಪ ಕೊಳವೆ ಬಳಸಿ ಆ ಕೊರತೆಯನ್ನು ತುಂಬುತ್ತಾರೆ. ಕೆಡುವ ದಿನ ಬಂದಾಗ ನಿಜವಾದ ವ್ಯತ್ಯಾಸ ಕಾಣುತ್ತದೆ. ಉಕ್ಕಿನ ಬೆಸುಗೆ ಬಿಟ್ಟರೆ ತಾಲ್ಲೂಕಿನ ಗ್ಯಾಸ್ ವೆಲ್ಡಿಂಗ್ ಅಂಗಡಿಯಲ್ಲೇ ಹಿತ್ತಾಳೆ ಕರಗಿಸಿ ಕೂಡಿಸುತ್ತಾರೆ. ಅಲ್ಯೂಮಿನಿಯಮ್ಮಿಗೆ ಆರ್ಗಾನ್ ಅನಿಲದ ವೆಲ್ಡಿಂಗ್ ಬೇಕು, ಬಹಳಷ್ಟು ಸಲ ಆಮೇಲೆ ಲೋಹವನ್ನು ಕಾಯಿಸಿ ಹದಗೊಳಿಸಲೂ ಬೇಕು.

ಜಾಹೀರಾತುಗಳ ದೊಡ್ಡ ಮಾತು ಹಗುರತನದ್ದು. ಲೆಕ್ಕ ಹಾಕೋಣ. ಕರಿ ಸೈಕಲ್ 20 ಕಿಲೊ, ಹೊಸದು 12 ಕಿಲೊ, ಸವಾರ 60 ಕಿಲೊ ಅನ್ನಿ. ಎಳೆಯಬೇಕಾದ ಒಟ್ಟು ಭಾರ 80ರಿಂದ 72ಕ್ಕೆ ಇಳಿಯಿತು, ಅಂದರೆ ಹತ್ತರಲ್ಲೊಂದು ಪಾಲು. ಏರಿನಲ್ಲಿ ಇದು ಕಾಲಿಗೆ ಗೊತ್ತಾಗುತ್ತದೆ, ನಿಜ. ಆದರೆ ಸವಣೂರಿನ ಎರೆ ಸೀಮೆಯಂಥ ಸಮ ಹಾದಿಯಲ್ಲಿ, ಗಂಟೆಗೆ 15 ಕಿಲೊಮೀಟರ್ ವೇಗದಲ್ಲಿ, ಸುಮಾರು ಅರ್ಧ ಶ್ರಮ ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಗಾಳಿಗೆ ಸೈಕಲ್ಲಿನ ತೂಕ ಲೆಕ್ಕಕ್ಕಿಲ್ಲ. ಹೀಗಾಗಿ ಉಳಿತಾಯ ಶೇಕಡಾ ಐದರ ಆಸುಪಾಸು. ಟಯರಿನಲ್ಲಿ ಗಾಳಿ ಕಮ್ಮಿ ಇದ್ದರೆ ಆ ಐದೂ ಅಲ್ಲೇ ಹೋಯಿತು.

ಒಂದೇ ಗೇರೂ ದಡ್ಡತನವಲ್ಲ. ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರ್ ಸಾಗುತ್ತೇವೆ. ನಿಮಿಷಕ್ಕೆ 50 ಸುತ್ತು ತುಳಿದರೂ ಗಂಟೆಗೆ 16 ಕಿಲೊಮೀಟರ್. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗಲೂ ಮಕ್ಕಳ ಕೈಗೆ ಬಂದದ್ದು ಗೇರಿಲ್ಲದ ಸಾದಾ ಉಕ್ಕಿನ ಸೈಕಲ್ಲೇ. ಹೈಸ್ಕೂಲು ಇಲ್ಲದ ಹಳ್ಳಿಯಿಂದ ಪಕ್ಕದೂರಿಗೆ ಹೋಗಿಬರುವ ಹುಡುಗಿಗೆ ಬೇಕಾದದ್ದು ಹಾದಿಯಲ್ಲಿ ಕೈಕೊಡದ, ಕೆಟ್ಟರೆ ಹತ್ತಿರದಲ್ಲೇ ರಿಪೇರಿಯಾಗುವ ಸೈಕಲ್.

ಪೆಡಲ್ ತುಳಿದಾಗಲೆಲ್ಲ ಕಟ್ ಕಟ್ ಸದ್ದು ಬಂದರೆ ಸಾಮಾನ್ಯವಾಗಿ ಸವೆದಿರುವುದು ಕಾಟರ್ ಪಿನ್, ಪೆಡಲಿನ ತೋಳನ್ನು ಅಚ್ಚಿಗೆ ಹಿಡಿದಿಡುವ ಬೆಣೆ. ಸುತ್ತಿಗೆಯಿಂದ ಬಡಿದು ತೆಗೆದು ಹೊಸದು ಹಾಕಿದರಾಯಿತು. ತುಕ್ಕು ಮಾತ್ರ ಸದ್ದಿಲ್ಲದೆ ಬರುತ್ತದೆ. ಸೀಟಿನ ಕೊಳವೆಯ ಸಂದಿನಿಂದ ನೀರು ಇಳಿದು ಫ್ರೇಮನ್ನು ಒಳಗಿನಿಂದ ತಿನ್ನುತ್ತದೆ. ಮಳೆಗಾಲಕ್ಕೆ ಮೊದಲು ಸೀಟು ಕಿತ್ತು, ಸೈಕಲ್ ತಲೆಕೆಳಗು ಮಾಡಿ ನೀರು ಬಸಿದು, ಒಳಗೆ ಸ್ವಲ್ಪ ಎಣ್ಣೆ ಬಿಟ್ಟು, ಸೀಟಿನ ಕಂಬಿಗೆ ಗ್ರೀಸ್ ಹಚ್ಚಿ ಕೂರಿಸಿ. ಕಂಬಿ ಸಲೀಸಾಗಿ ಹೊರಬಂದರೆ ಅದು ಒಳ್ಳೆಯ ಲಕ್ಷಣ. ಕಚ್ಚಿಕೊಂಡಿದ್ದರೆ ಕಾಯದೆ ಅಂಗಡಿಗೆ ಒಯ್ಯಿರಿ, ಏಕೆಂದರೆ ತುಕ್ಕು ಒಳಗೆ ಕೆಲಸ ಶುರುಮಾಡಿರುತ್ತದೆ.