ಟರ್ಬೋ, ಎಣ್ಣೆ ಮತ್ತು ನಾನು ಹಾಕಿದ ಪೈಪ್

ಹೋದ ಸೆಮಿಸ್ಟರ್ ರಜೆಯಲ್ಲಿ ಹಾಸನಕ್ಕೆ ಹೋಗಿದ್ದೆ. ಅಲ್ಲಿ ದೊಡ್ಡಪ್ಪನ ಮಗ, ಅಂದ್ರೆ ನಮ್ಮಣ್ಣ, ತನ್ನ ಹಳೇ ಪೆಟ್ರೋಲ್ ಕಾರಿಗೆ ಒಂದು ಸೆಕೆಂಡ್ ಹ್ಯಾಂಡ್ ಟರ್ಬೋ ಕೂರಿಸ್ತಾ ಇದ್ದ. ಕಾರು ರೋಡಿಗಲ್ಲ, ಮಣ್ಣಿನ ಮೇಲೆ ನಡೆಯುವ ಆಟೋಕ್ರಾಸ್‌ಗೆ. (ರೋಡಿನ ಕಾರಿಗೆ ಹೀಗೆ ಮಾಡೋ ಆಸೆ ಇದ್ರೆ ಮೊದಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಿ.) ಮೆಕ್ಯಾನಿಕಲ್ ಓದ್ತಿರೋ ತಮ್ಮ ಬಂದಿದ್ದಾನೆ ಅಂತ ಅವನಿಗೆ ಖುಷಿಯಾಗಿ ಒಂದು ಕೆಲಸ ಪೂರ್ತಿ ನನಗೇ ಬಿಟ್ಟ: ಟರ್ಬೋದಿಂದ ಆಯಿಲ್ ವಾಪಸ್ ಬರುವ ಪೈಪ್.

ಮೂರನೇ ದಿನಕ್ಕೆ ಸೈಲೆನ್ಸರ್‌ನಿಂದ ನೀಲಿ ಹೊಗೆ. ಮೇಸ್ತ್ರಿ ನೋಡಿ "ಸೀಲ್ ಹೋಗಿದೆ, ಬೇರೆ ಟರ್ಬೋ ನೋಡಿ" ಅಂದರು. ಅಣ್ಣ ಹದಿನಾಲ್ಕು ಸಾವಿರ ಕೊಟ್ಟು ಇನ್ನೊಂದು ತಂದ. ಅದರಲ್ಲೂ ಅದೇ ಹೊಗೆ.

ಆಮೇಲೆ ಗೊತ್ತಾಯ್ತು, ಎರಡೂ ಟರ್ಬೋ ಚೆನ್ನಾಗೇ ಇದ್ದವು. ತಪ್ಪಿದ್ದದ್ದು ನನ್ನ ಪೈಪ್‌ನಲ್ಲಿ.

ಟರ್ಬೋ ಹೇಗೆ ಗಾಳಿ ತುಂಬುತ್ತೆ ಅನ್ನೋದು ನಿಮಗೆಲ್ಲ ಗೊತ್ತು. ಎಕ್ಸಾಸ್ಟ್ ಗ್ಯಾಸ್ ಒಂದು ಚಕ್ರ ತಿರುಗಿಸುತ್ತೆ, ಅದೇ ಶಾಫ್ಟ್‌ನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಎಂಜಿನ್‌ಗೆ ಕಳಿಸುತ್ತೆ. ನಾವು ನೋಡದೆ ಬಿಡೋದು ಮಧ್ಯದ ಭಾಗವನ್ನು, ಶಾಫ್ಟ್ ಕೂತಿರೋ ಬೇರಿಂಗ್ ಹೌಸಿಂಗ್ ಅನ್ನು. ಶಾಫ್ಟ್ 1,20,000 ಆರ್‌ಪಿಎಂನಲ್ಲಿ ತಿರುಗ್ತಿದೆ ಅಂದುಕೊಳ್ಳಿ. ಸೆಕೆಂಡಿಗೆ 2,000 ಸುತ್ತು. ಚಿಕ್ಕ ಟರ್ಬೋಗಳು 2 ಲಕ್ಷವನ್ನೂ ದಾಟುತ್ತವೆ. ಸಾಮಾನ್ಯ ಜರ್ನಲ್ ಬೇರಿಂಗ್ ಟರ್ಬೋದಲ್ಲಿ ಇಷ್ಟು ವೇಗವನ್ನು ತಡೆಯೋಕೆ ಬಾಲ್ ಬೇರಿಂಗ್ ಇರಲ್ಲ. ಶಾಫ್ಟ್ ಎಣ್ಣೆಯ ತೆಳು ಪದರದ ಮೇಲೆ ತೇಲುತ್ತೆ, ಅದರ ಸುತ್ತಲಿನ ಬುಷ್ ಕೂಡ ಎಣ್ಣೆಯಲ್ಲೇ ತೇಲುತ್ತೆ. ಲೋಹಕ್ಕೆ ಲೋಹ ತಾಗಿದರೆ ಕಥೆ ಮುಗೀತು.

ಎತ್ತಿನ ಗಾಡಿಯ ಅಚ್ಚಿಗೆ ಹಾಕೋ ಎಣ್ಣೆಗೆ ಕೀಲೆಣ್ಣೆ ಅಂತಾರೆ. ನನಗೆ ಈ ಪದ ಸಿಕ್ಕಿದ್ದು ಈಗ, ಅಜ್ಜಿಯಿಂದ. ಕೀಲೆಣ್ಣೆಗೆ ಇದ್ದದ್ದು ಒಂದೇ ಕೆಲಸ, ಉಜ್ಜಾಟ ಕಡಿಮೆ ಮಾಡೋದು. ಟರ್ಬೋದಲ್ಲಿ ಎಣ್ಣೆಗೆ ಇನ್ನೊಂದು ಕೆಲಸವೂ ಇದೆ: ಬಿಸಿಯನ್ನು ಹೊತ್ತುಕೊಂಡು ಹೋಗೋದು. ಪೆಟ್ರೋಲ್ ಎಂಜಿನ್ ಪೂರ್ತಿ ಜೋರಿನಲ್ಲಿ ಇದ್ದಾಗ ಎಕ್ಸಾಸ್ಟ್ ಗ್ಯಾಸ್ 900 ಡಿಗ್ರಿ ದಾಟುತ್ತೆ, ಬೇರಿಂಗ್ ಅದರ ಪಕ್ಕದಲ್ಲೇ ಇರುತ್ತೆ. ಹಾಗಾಗಿ ಎಣ್ಣೆ ಅಲ್ಲಿಗೆ ಬಂದರೆ ಸಾಲದು, ಬಂದಷ್ಟೂ ಅಲ್ಲಿಂದ ಹೊರಗೆ ಹೋಗಬೇಕು.

ಬರೋದು ಸುಲಭ. ಎಂಜಿನ್‌ನ ಆಯಿಲ್ ಪ್ರೆಶರ್ ಸ್ವಿಚ್ ಇರೋ ಜಾಗದಲ್ಲಿ ಒಂದು ಟಿ ಹಾಕಿ, ಸಣ್ಣ ಬ್ರೇಡೆಡ್ ಹೋಸ್ ಎಳೆದರೆ ಆಯಿತು. ಅಲ್ಲಿ ಪಂಪ್‌ನ ಒತ್ತಡ ಇರುತ್ತೆ. ಎಚ್ಚರ ಇರಬೇಕಾದ್ದು ಎರಡು ವಿಷಯದಲ್ಲಿ. ಈ ಲೈನ್‌ನ ಜಾಯಿಂಟ್‌ಗೆ ಗ್ಯಾಸ್ಕೆಟ್ ಪೇಸ್ಟ್, ಟೆಫ್ಲಾನ್ ಟೇಪ್ ಬೇಡ, ಅದರ ಚೂರು ಕಿತ್ತು ಬಂದು ಎಣ್ಣೆಯ ತೂತು ಮುಚ್ಚಬಹುದು. ಇನ್ನು ಬಾಲ್ ಬೇರಿಂಗ್ ಇರೋ ಟರ್ಬೋ ಆದ್ರೆ ಅದಕ್ಕೆ ಕಡಿಮೆ ಎಣ್ಣೆ ಸಾಕು, ಸುಮಾರು 1 ಮಿ.ಮೀ. ತೂತಿನ ರಿಸ್ಟ್ರಿಕ್ಟರ್ ಹಾಕ್ತಾರೆ. ಜರ್ನಲ್ ಬೇರಿಂಗ್‌ಗೆ ಸಾಮಾನ್ಯವಾಗಿ ಅದು ಬೇಕಿಲ್ಲ. ನೆಟ್‌ನಲ್ಲಿ ಬಾಲ್ ಬೇರಿಂಗ್‌ನವರ ಸಲಹೆ ಓದಿ ಜರ್ನಲ್ ಟರ್ಬೋಗೆ ರಿಸ್ಟ್ರಿಕ್ಟರ್ ಹಾಕೋದು ಅಂದ್ರೆ ಅದನ್ನು ಉಪವಾಸ ಕೆಡವಿದ ಹಾಗೆ.

ಕಷ್ಟ ಇರೋದು ವಾಪಸ್ ದಾರಿಯಲ್ಲಿ. ಬೇರಿಂಗ್ ದಾಟಿದ ಮೇಲೆ ಎಣ್ಣೆಯಲ್ಲಿ ಒತ್ತಡ ಉಳಿದಿರಲ್ಲ. ಅಷ್ಟು ವೇಗದ ಶಾಫ್ಟ್ ಅದನ್ನು ಕಡೆದು ನೊರೆ ಮಾಡಿರುತ್ತೆ, ಮಜ್ಜಿಗೆ ಥರ. ನೊರೆ ಅಂದ್ರೆ ಜಾಸ್ತಿ ಜಾಗ ಬೇಕು. ಇಳಿಯೋಕೆ ಇರೋದು ಗುರುತ್ವ ಒಂದೇ. ಅದಕ್ಕೇ ಫೀಡ್ ಲೈನ್ ಎಷ್ಟೇ ಸಣ್ಣದಿದ್ದರೂ ರಿಟರ್ನ್ ಪೈಪ್ ಒಳಗಿನ ಅಳತೆ ಕಡಿಮೆ ಅಂದ್ರೂ 12 ಮಿ.ಮೀ. ದಾಟಿರಬೇಕು, 16 ಇದ್ರೆ ಒಳ್ಳೇದು. ಉದ್ದಕ್ಕೂ ಇಳಿಜಾರು ಇರಬೇಕು, ಎಲ್ಲೂ ಮತ್ತೆ ಮೇಲಕ್ಕೆ ಏರಬಾರದು. ಕೊನೆಗೆ ಅದು ಸೇರೋ ಜಾಗ ಸಂಪ್‌ನಲ್ಲಿ (ಮನೆ ಮುಂದಿನ ನೀರಿನ ಸಂಪ್ ಅಲ್ಲ, ಮೇಸ್ತ್ರಿಗಳು ಚೇಂಬರ್ ಅನ್ನೋದು) ಎಣ್ಣೆಯ ಮಟ್ಟಕ್ಕಿಂತ ಮೇಲಿರಬೇಕು.

ನಾನೇನು ಮಾಡಿದ್ದೆ? ನೋಡೋಕೆ ನೀಟಾಗಿರಲಿ ಅಂತ ಫೀಡ್ ಥರದ್ದೇ 8 ಮಿ.ಮೀ. ಹೋಸ್ ತಂದಿದ್ದೆ. ಎಂಜಿನ್ ಮೌಂಟ್ ಕೆಳಗೆ ಇಳಿಸಿ, ಮತ್ತೆ ಸ್ವಲ್ಪ ಮೇಲೆತ್ತಿ, ಚೇಂಬರ್‌ನ ಅಡಿಯಲ್ಲಿ ಸೇರಿಸಿದ್ದೆ. ಎಣ್ಣೆ ಹೇಗಿದ್ರೂ ಅಲ್ಲಿಗೇ ಹೋಗಬೇಕಲ್ಲ ಅನ್ನೋದು ನನ್ನ ಲಾಜಿಕ್. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ನನಗೆ ಒಳ್ಳೇ ಮಾರ್ಕ್ಸ್ ಬಂದಿದೆ, ದಯವಿಟ್ಟು ನಗಬೇಡಿ.

ಎಣ್ಣೆ ಇಳಿಯದೆ ಹೌಸಿಂಗ್‌ನಲ್ಲೇ ತುಂಬಿಕೊಂಡಿತು. ಶಾಫ್ಟ್‌ನ ತುದಿಗಳಲ್ಲಿ ಇರೋದು ರಬ್ಬರ್ ಸೀಲ್ ಅಲ್ಲ, ಪಿಸ್ಟನ್ ರಿಂಗ್ ಥರದ ಸಣ್ಣ ಲೋಹದ ರಿಂಗ್. ಗ್ಯಾಸ್ ಒಳಗೆ ನುಗ್ಗದ ಹಾಗೆ ನೋಡಿಕೊಳ್ಳೋದು ಅದರ ಮುಖ್ಯ ಕೆಲಸ. ತುಂಬಿ ನಿಂತ ಎಣ್ಣೆಯನ್ನು ಹಿಡಿಯೋ ಶಕ್ತಿ ಅದಕ್ಕಿಲ್ಲ. ಎಣ್ಣೆ ಟರ್ಬೈನ್ ಕಡೆ ಸೋರಿ ಸುಟ್ಟು ನೀಲಿ ಹೊಗೆಯಾಯಿತು. ಹೊಸ ಟರ್ಬೋ ಹಾಕಿದ್ರೂ ಇದೇ ಆಗುತ್ತೆ, ಆಗಿದ್ದೂ ಇದೇ. ಎಂಜಿನ್‌ನ ಬ್ರೀದರ್ ಕಟ್ಟಿಕೊಂಡು ಕ್ರ್ಯಾಂಕ್‌ಕೇಸ್‌ನಲ್ಲಿ ಒತ್ತಡ ಏರಿದರೂ ಎಣ್ಣೆ ಇಳಿಯಲ್ಲ, ಅದನ್ನೂ ನೋಡಬೇಕು.

ಕೊನೆಗೆ ಮೇಸ್ತ್ರಿಗೇ ಅನುಮಾನ ಬಂದು ರಿಟರ್ನ್ ಹೋಸ್ ಬಿಚ್ಚಿದರು. ಚೇಂಬರ್ ಕಡೆಯ ತೂತಿಗೆ ಬಿರಡೆ ಹಾಕಿ, ಟರ್ಬೋ ಕೆಳಗೆ ದಪ್ಪ ಪೈಪ್ ಸಿಗಿಸಿ ನೇರ ಒಂದು ಡಬ್ಬಕ್ಕೆ ಬಿಟ್ಟರು. ಎಂಜಿನ್ ಐಡಲ್‌ನಲ್ಲಿ, ಮೇಲಿಂದ ನಾನು ಎಣ್ಣೆ ಹುಯ್ಯುತ್ತಾ ನಿಂತಿದ್ದೆ. ಸೈಲೆನ್ಸರ್ ಒಳಗಿದ್ದದ್ದು ಸುಟ್ಟು ಮುಗಿದ ಮೇಲೆ ಹೊಗೆ ನಿಂತೇ ಹೋಯ್ತು. ಅಣ್ಣ ಆ ಡಬ್ಬವನ್ನೂ ನನ್ನನ್ನೂ ಒಂದೊಂದು ಸಲ ನೋಡಿದ, ಏನೂ ಅನ್ನಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಕೂಲಿಂಗ್ ಬಗ್ಗೆ ಇನ್ನೊಂದು ಮಾತು. ಜೋರಾಗಿ ಓಡಿಸಿ ಬಂದು ತಕ್ಷಣ ಕೀ ತಿರುಗಿಸಿದರೆ ಎಣ್ಣೆಯ ಪಂಪ್ ನಿಲ್ಲುತ್ತೆ, ಆದರೆ ಕೆಂಪಗೆ ಕಾದ ಟರ್ಬೈನ್‌ನ ಬಿಸಿ ನಿಲ್ಲಲ್ಲ. ಅದು ಬೇರಿಂಗ್ ಕಡೆಗೆ ಹರಿದು, ಅಲ್ಲಿ ಉಳಿದ ಎಣ್ಣೆ ಸೀದು ಕಪ್ಪು ಗಸಿಯಾಗಿ ಅಂಟಿಕೊಳ್ಳುತ್ತೆ, ತೊಳೆಯದ ಬಾಣಲೆ ಥರ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ ಅನ್ನೋದು, ಸಿಂಥೆಟಿಕ್ ಆಯಿಲ್ ಹಾಕಿ ಅನ್ನೋದು ಇದಕ್ಕೇ. ಎಷ್ಟೋ ಟರ್ಬೋಗಳ ಹೌಸಿಂಗ್‌ನಲ್ಲಿ ಕೂಲಂಟ್‌ಗೂ ದಾರಿ ಇರುತ್ತೆ. "ಎಣ್ಣೆ ಇದೆಯಲ್ಲ, ನೀರು ಯಾಕೆ" ಅಂತ ಅದನ್ನು ಬೋಲ್ಟ್ ಹಾಕಿ ಮುಚ್ಚಬೇಡಿ. ಆ ನೀರಿನ ನಿಜವಾದ ಉಪಯೋಗ ಎಂಜಿನ್ ನಿಂತ ಮೇಲೆ. ಕೆಳಗಿನಿಂದ ಒಳಗೆ, ಮೇಲಿನಿಂದ ಹೊರಗೆ ಹೋಗುವ ಹಾಗೆ ಪೈಪ್ ಕೊಟ್ಟರೆ, ಬಿಸಿಯಾದ ಕೂಲಂಟ್ ತಾನೇ ಮೇಲೇರಿ ತಣ್ಣಗಿರೋದನ್ನು ಕೆಳಗಿಂದ ಎಳೆದುಕೊಳ್ಳುತ್ತೆ, ಪಂಪ್ ಇಲ್ಲದೇ.

ರಜೆ ಮುಗಿಯೋ ಮುಂಚೆ ಚೇಂಬರ್ ಪೂರ್ತಿ ಇಳಿಸಿ (ಕಾರಿನಲ್ಲೇ ಡ್ರಿಲ್ ಮಾಡಿದ್ರೆ ಲೋಹದ ಚೂರು ಒಳಗೆ ಬೀಳುತ್ತೆ), ಮೇಲ್ಭಾಗದಲ್ಲಿ 16 ಮಿ.ಮೀ. ಫಿಟ್ಟಿಂಗ್ ವೆಲ್ಡ್ ಮಾಡಿಸಿದೆವು. ಸ್ಟಾರ್ಟ್ ಮಾಡೋ ಮುಂಚೆ ಟರ್ಬೋಗೆ ಸ್ವಲ್ಪ ಎಣ್ಣೆ ಹುಯ್ದು, ಫ್ಯೂಯಲ್ ಪಂಪ್ ಫ್ಯೂಸ್ ಕಿತ್ತು, ರಿಟರ್ನ್‌ನಲ್ಲಿ ಎಣ್ಣೆ ಕಾಣೋವರೆಗೆ ಕ್ರ್ಯಾಂಕ್ ಮಾಡಿದೆವು. ಈಗ ಹೊಗೆ ಇಲ್ಲ. ಮೊದಲನೇ ಟರ್ಬೋ ನನ್ನ ಹಾಸ್ಟೆಲ್ ರೂಮಿನಲ್ಲಿದೆ, ಬಿಚ್ಚಿ ನೋಡಬೇಕು ಅನ್ನೋರು ಬನ್ನಿ. ಹದಿನಾಲ್ಕು ಸಾವಿರ ಪ್ಲೇಸ್‌ಮೆಂಟ್ ಆದಮೇಲೆ ಕೊಡು ಅಂದಿದ್ದಾನೆ ಅಣ್ಣ.