ಉತ್ತರಿಸುವವಳ ಹಕ್ಕು

ಪ್ರಶ್ನೆ ಕೇಳುವುದೊಂದು ಕಲೆಯೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಪತ್ರಿಕೋದ್ಯಮದ ತರಗತಿಗಳಲ್ಲಿ ಅದನ್ನು ಕಲಿಸುವ ಏರ್ಪಾಡೂ ಉಂಟು. ಆದರೆ ಉತ್ತರ ಹೇಳುವುದೂ ಒಂದು ವಿದ್ಯೆ, ಅದನ್ನೂ ಅಭ್ಯಾಸದಿಂದಲೇ ಪಡೆಯಬೇಕು ಎಂದರೆ ಹಲವರು ಹುಬ್ಬೇರಿಸುವರು. ಮಂತ್ರಿಗಳೂ ದೊಡ್ಡ ವ್ಯಾಪಾರಸ್ಥರೂ ಇದನ್ನು ಹಣ ಕೊಟ್ಟು ಕಲಿಯುತ್ತಾರೆ. ಅವರಿಗಿಂತ ಹೆಚ್ಚಾಗಿ ಇದು ಬೇಕಾಗಿರುವುದು ನಮ್ಮ ಹಳ್ಳಿಗಳ ಹೆಣ್ಣುಮಕ್ಕಳಿಗೆ. ಹುಣಸಗಿಯ ಸುತ್ತಿನ ಊರುಗಳಲ್ಲಿ ಮಹಿಳಾ ಸಂಘಗಳ ಕೆಲಸದಲ್ಲೇ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ ಈ ಮಾತು ಅನುಭವದಿಂದ ಮನದಟ್ಟಾಗಿದೆ.

ಹುಣಸಗಿಗೆ ಕೇಳುವವರು ಬರುವುದು ಹೊಸದಲ್ಲ. ಸಮೀಪದ ಇಸಾಂಪುರದಲ್ಲಿ ಆದಿಮಾನವನ ಕಲ್ಲಿನ ಆಯುಧಗಳು ದೊರೆತಿವೆ, ವಿದ್ವಾಂಸರಾದ ಕೆ. ಪದ್ದಯ್ಯನವರು ದಶಕಗಳ ಕಾಲ ಈ ಕಣಿವೆಯನ್ನು ಅಭ್ಯಸಿಸಿದರು. ಇಂಥ ನೆಲವನ್ನು ಅಗೆಯಲು ಸರ್ಕಾರದ ಪರವಾನಗಿ ಬೇಕು. ಹೆಣ್ಣಿನ ಮನಸ್ಸನ್ನು ಅಗೆಯಲು ಮಾತ್ರ ಯಾರ ಅಪ್ಪಣೆಯೂ ಬೇಡವೆಂಬಂತೆ ಕೆಲವರು ನಡೆದುಕೊಳ್ಳುತ್ತಾರೆ.

ನಮ್ಮ ಭಾಗದಲ್ಲಿ ಬಾತ್ಮೀದಾರರು ಬಹುವಾಗಿ ಅರಸಿ ಬರುವುದು ದೇವದಾಸಿಯರಾಗಿದ್ದ ತಾಯಂದಿರನ್ನು. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿಯನ್ನು ರಾಜ್ಯವು 1982ರ ಕಾಯಿದೆಯಿಂದ ನಿಷೇಧಿಸಿತು. ಆ ಬಳಿಕ 1993-94ರಲ್ಲೂ 2007-08ರಲ್ಲೂ ನಡೆದ ಎರಡು ಸಮೀಕ್ಷೆಗಳಲ್ಲಿ ಒಟ್ಟು 46,660 ಮಂದಿಯ ಹೆಸರು ದಾಖಲಾಯಿತು. ಬಂದವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಮುತ್ತು ಕಟ್ಟಿದ ದಿನ ಏನಾಯಿತು? ತಾಯಿ ಅಳುತ್ತಾಳೆ, ಕ್ಯಾಮೆರಾ ಹತ್ತಿರ ಸರಿಯುತ್ತದೆ. ಆಕೆ ಹೇಳಬೇಕೆಂದಿದ್ದ ಸಂಗತಿಗಳು—ತಡವಾದ ಪಿಂಚಣಿ, ಸಮೀಕ್ಷೆಯಲ್ಲಿ ಬಿಟ್ಟುಹೋದ ಗೆಳತಿಯ ಹೆಸರು, ಮಕ್ಕಳ ಶಾಲೆ—ಅಚ್ಚಾಗದೆ ಉಳಿಯುತ್ತವೆ. ಕಣ್ಣೀರು ಸುದ್ದಿಯಾಗುತ್ತದೆ, ಬೇಡಿಕೆ ಆಗುವುದಿಲ್ಲ.

ಆದ್ದರಿಂದ ಸಂಘದ ಬೈಠಕ್ಕುಗಳಲ್ಲಿ ನಾವೊಂದು ಆಟವನ್ನು ಹೂಡಿದೆವು. ಒಬ್ಬಾಕೆ ಜೋಳದ ದಂಟನ್ನು ಮೈಕಿನಂತೆ ಹಿಡಿದು ಬಾತ್ಮೀದಾರಳಾಗುವಳು, ಮತ್ತೊಬ್ಬಳು ಉತ್ತರಿಸುವಳು. ಮೊದಲ ದಿನ ನಕ್ಕು ನಕ್ಕು ಸಾಕಾಯಿತು. ನಗೆ ನಿಂತ ಮೇಲೆ ಒಬ್ಬ ತಾಯಿ ಮೆಲ್ಲನೆ ಕೇಳಿದಳು:

“ಅಕ್ಕಾರ, ಅವರು ಕೇಳಿದ್ದಕ್ಕೆಲ್ಲಾ ಹೇಳಲೇಬೇಕೇನ್ರಿ?”

“ಹೇಳಬೇಕಂತ ಕಾನೂನಿಲ್ಲವ್ವಾ. ಬೇಕಾದ್ದು ಹೇಳು, ಬ್ಯಾಡಾದ್ದು ಬಿಡು.”

“ಇಷ್ಟು ವರ್ಷ ಯಾರೂ ಹಂಗ ಹೇಳಿರಲಿಲ್ರಿ” ಎಂದಳು.

ಆಕೆಯ ಮಗಳ ಲಗ್ನ ನಿಶ್ಚಯವಾಗಿತ್ತು. ಬೀಗರಿಗೆ ಸಂಗತಿ ತಿಳಿದಿತ್ತಾದರೂ ಊರ ಬಾಯಿಗೆ ಬೀಳುವುದು ಬೇರೆ ಮಾತು. ಪತ್ರಿಕೆಯ ಒಂದು ಭಾವಚಿತ್ರ ಆ ಸಂಬಂಧವನ್ನು ಮುರಿಯಬಲ್ಲುದಾಗಿತ್ತು. ಕೆಲವೇ ದಿನಗಳಲ್ಲಿ ತರುಣ ಬಾತ್ಮೀದಾರನೊಬ್ಬ ಬಂದಾಗ ಆಕೆ ಸೆರಗು ಸರಿಪಡಿಸಿಕೊಂಡು ಹೇಳಿದಳು: “ಮಾರಿ ಬ್ಯಾಡ್ರಿ, ಕೈಯಿಂದು ಫೋಟೊ ತಗೀರಿ. ಹೆಸರು ಬ್ಯಾಡ್ರಿ, ಪಗಾರ ಎಷ್ಟು ತಿಂಗಳದು ಬಾಕಿ ಐತಿ ಅದನ್ನ ಬರೀರಿ.” ಪಿಂಚಣಿಗೆ ಆಕೆಯ ಮಾತಿನಲ್ಲಿ ‘ಪಗಾರ’ವೆಂದೇ ಹೆಸರು. ಆತ ಹಾಗೆಯೇ ಬರೆದ. ಲಗ್ನವೂ ನಿರ್ವಿಘ್ನವಾಗಿ ನೆರವೇರಿತು.

ನಾವು ಕಲಿಸುವ ಪಾಠ ದೊಡ್ಡದೇನಲ್ಲ. ಬಂದವರು ಯಾರು, ಯಾವ ಪತ್ರಿಕೆಯವರು ಎಂದು ಮೊದಲು ಕೇಳಬೇಕು. ಮುಖ್ಯವಾದುದನ್ನು ಮೊದಲ ಮಾತಿನಲ್ಲೇ ಹೇಳಬೇಕು. ‘ಇದನ್ನು ಬರೆಯಬೇಡಿ’ ಎಂಬುದನ್ನು ಹೇಳಿಯಾದ ಮೇಲಲ್ಲ, ಹೇಳುವುದಕ್ಕೆ ಮುಂಚೆಯೇ ಗೊತ್ತುಪಡಿಸಬೇಕು. ಕಾಯಿದೆಯ ಅರಿವೂ ಇರಬೇಕು: ಅತ್ಯಾಚಾರಕ್ಕೆ ತುತ್ತಾದವಳ ಗುರುತನ್ನು ಪ್ರಕಟಿಸುವುದು ಅಪರಾಧವೆಂದು 1983ರಲ್ಲೇ ದಂಡಸಂಹಿತೆಗೆ ಸೇರಿಸಲಾಯಿತು, ಈಗಿನ ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನಲ್ಲೂ ಅದು ಉಳಿದುಬಂದಿದೆ.

ಹಾಗೆಂದು ಮೌನವೇ ನಮ್ಮ ಗುರಿಯಲ್ಲ. ‘ಸ್ಟೋವ್ ಸಿಡಿದು ಗೃಹಿಣಿಯ ಸಾವು’ ಎಂಬ ಸುದ್ದಿಗಳನ್ನು ಓದುಗರು ದೀರ್ಘಕಾಲ ಅಪಘಾತವೆಂದೇ ನಂಬಿದ್ದರು. ಸ್ಟೋವುಗಳು ಎಳೆಯ ಸೊಸೆಯರ ಕೈಯಲ್ಲೇ ಏಕೆ ಸಿಡಿಯುತ್ತವೆ ಎಂಬ ಪ್ರಶ್ನೆಯನ್ನು ಎತ್ತಿದವರು ಮಹಿಳಾ ಸಂಘಟನೆಗಳವರು. 1979ರಲ್ಲಿ ಹುಟ್ಟಿದ ಬೆಂಗಳೂರಿನ ‘ವಿಮೋಚನಾ’ ಅವುಗಳಲ್ಲೊಂದು. ಮಾತನಾಡದಿದ್ದರೆ ಕೊಲೆಯೂ ಅಪಘಾತವಾಗಿಯೇ ಅಚ್ಚಾಗುತ್ತಿತ್ತು. ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿಯವರನ್ನು ನೋಡಿ: ಬಾಲ್ಯದಲ್ಲೇ ದೇವದಾಸಿಯಾಗಿಸಲ್ಪಟ್ಟ ಅವರು ಅಂಥವರದೇ ಸಂಸ್ಥೆಯೊಂದನ್ನು ಮುನ್ನಡೆಸಿ 2018ರಲ್ಲಿ ಪದ್ಮಶ್ರೀಗೆ ಪಾತ್ರರಾದರು. ಅವರು ತಮ್ಮ ಕಥೆಯನ್ನು ತಮ್ಮ ಹೆಸರಿನಲ್ಲೇ ಲೋಕಕ್ಕೆ ಹೇಳಿದ್ದಾರೆ.

ಹೆಸರು ಕೊಟ್ಟ ಸೀತವ್ವನವರೂ ಹೆಸರು ಬೇಡವೆಂದ ನಮ್ಮೂರಿನ ತಾಯಿಯೂ ಮಾಡಿದ್ದು ಒಂದೇ ಕೆಲಸ. ತಮ್ಮ ಬಾಳಿನ ಯಾವ ಬಾಗಿಲನ್ನು ತೆರೆಯಬೇಕು, ಯಾವುದಕ್ಕೆ ಅಗುಳಿ ಹಾಕಬೇಕು ಎಂಬುದನ್ನು ತಾವೇ ನಿರ್ಧರಿಸಿದರು. ಸ್ತ್ರೀಸ್ವಾತಂತ್ರ್ಯವೆಂಬ ದೊಡ್ಡ ಶಬ್ದಕ್ಕೆ ನಾನು ಕಂಡುಕೊಂಡ ಚಿಕ್ಕ ಅರ್ಥ ಇದೇ.