ನಿಮಗಿದು ಗೊತ್ತೆ? ನೋಟಕ್ಕೆ ಉಗ್ರ, ನಡೆಯಲ್ಲಿ ಸೌಮ್ಯ
ಮಕ್ಕಳ ಕತ್ತಿನಲ್ಲಿ ಗಂಟು ಕಂಡರೆ ಅದು ಹೆಚ್ಚಾಗಿ ಸೋಂಕಿನಿಂದ ಊದಿದ ದುಗ್ಧಗ್ರಂಥಿಯೇ. ತೀರಾ ಅಪರೂಪಕ್ಕೆ, ಅದರಲ್ಲೂ ಹುಡುಗರಲ್ಲಿ, ಅದು ‘ಪೀಡಿಯಾಟ್ರಿಕ್ ಟೈಪ್ ಫಾಲಿಕ್ಯುಲರ್ ಲಿಂಫೋಮಾ’ ಎಂಬ ಕ್ಯಾನ್ಸರ್ ಆಗಿರಬಹುದು. ಸಾಮಾನ್ಯವಾಗಿ ನೋವೂ ಇಲ್ಲ, ಜ್ವರವೂ ಇಲ್ಲ. ಸೂಕ್ಷ್ಮದರ್ಶಕದಡಿ ಇದರ ಜೀವಕೋಶಗಳು ಭರದಿಂದ ವಿಭಜಿಸುತ್ತಿರುತ್ತವೆ. ಆದರೂ ರೋಗ ಬಹುತೇಕ ಒಂದೇ ಕಡೆ ಉಳಿಯುತ್ತದೆ. ದೊಡ್ಡವರ ಫಾಲಿಕ್ಯುಲರ್ ಲಿಂಫೋಮಾದಲ್ಲಿ ಹೆಚ್ಚಾಗಿ 14 ಮತ್ತು 18ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿರುತ್ತವೆ. ಇದರಲ್ಲಿ ಹಾಗಾಗಿರುವುದಿಲ್ಲ, ಪತ್ತೆಗೆ ಅದೇ ದೊಡ್ಡ ಸುಳಿವು. ಸೂಜಿಯಲ್ಲಿ ಎಳೆದ ನಾಲ್ಕು ಕೋಶ ಸಾಲದು, ಇಡೀ ಗಂಟನ್ನೇ ತೆಗೆದು ಪರೀಕ್ಷಿಸುವುದು ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯ 2016ರ ಪರಿಷ್ಕೃತ ವರ್ಗೀಕರಣ ಇದನ್ನು ಪ್ರತ್ಯೇಕ ರೋಗವೆಂದೇ ಗುರುತಿಸಿತು. ನೆಮ್ಮದಿಯ ಮಾತೆಂದರೆ, ಗಂಟನ್ನು ಪೂರ್ತಿ ತೆಗೆದ ಎಷ್ಟೋ ಮಕ್ಕಳಿಗೆ ಕೀಮೋಥೆರಪಿಯೇ ಬೇಕಾಗುವುದಿಲ್ಲ. ವೈದ್ಯರ ನಿಗಾ ಸಾಕು.